ನಾಲ್ಕು ದಿನ ಬಂದ ಹಸಿರು ಗುರುತು

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಾನು ಯಾರೋ ಬರೆದಿಟ್ಟಿದ್ದ ಒಂಬತ್ತು ಸಾಲು ಕಂಪ್ಯೂಟರ್ ಕೋಡನ್ನು ಅಂತರ್ಜಾಲದಿಂದ ಎತ್ತಿ ನಮ್ಮ ವೆಬ್ ಪುಟಕ್ಕೆ ಅಂಟಿಸಿದೆ. ಅದರಿಂದ ಔರಾದ ತಾಲೂಕಿನ ಒಂದು ವಾಡಿಗೆ, ಅಂದರೆ ಸಣ್ಣ ಹಳ್ಳಿಗೆ, ನಾಲ್ಕು ದಿನ ಕುಡಿಯುವ ನೀರು ಹೋಗಲಿಲ್ಲ. ಒಬ್ಬ ಹೆಂಗಸು ಬಾವಿಯ ಮಣ್ಣಿನಡಿ ಸಿಕ್ಕಿಕೊಂಡಳು. ಸುಳ್ಳು ಹೇಳದ ಒಬ್ಬ ಮನುಷ್ಯ ಊರ ಮುಂದೆ ಸುಳ್ಳನೆನಿಸಿಕೊಂಡ. ತಪ್ಪು ಯಾರದೆಂದು ನನಗೆ ಗೊತ್ತಿತ್ತು — ಆಮೇಲೆ ತಿಳಿದದ್ದಲ್ಲ, ಅಲ್ಲೇ, ಆ ಬಾವಿಯ ದಂಡೆಯ ಮೇಲೆ ನಿಂತಾಗಲೇ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ನಿಮಿಷ ಇಷ್ಟು ಖಚಿತವಾಗಿ ಹೇಗೆ ಗೊತ್ತೆಂದರೆ, ಯಾರು ಯಾವ ಸಾಲನ್ನು ಎಷ್ಟು ಹೊತ್ತಿಗೆ ಬದಲಿಸಿದರೆಂಬುದನ್ನು ನಮ್ಮ ಕೆಲಸದಲ್ಲಿ ಒಂದು ಸಾಧನ ತಾನಾಗಿ ಬರೆದಿಟ್ಟುಕೊಳ್ಳುತ್ತದೆ. ಆ ಒಂಬತ್ತು ಸಾಲುಗಳ ಎದುರು ನನ್ನ ಹೆಸರಿದೆ. ಅದನ್ನು ಎಷ್ಟು ಸಲ ತೆರೆದು ನೋಡಿದ್ದೇನೋ — ಹೆಸರು ಬದಲಾಗಿರಬಹುದೇನೋ ಎಂಬ ಹಾಗೆ.

ಅದು ಸತತ ಎರಡನೆಯ ಬರದ ವರ್ಷ. ಬೀದರದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಆಫೀಸು. ಕೋಡ್ ಬರೆಯುವವರು ಇಬ್ಬರೇ: ಮಾಲೀಕರಾದ ಶಿವಾನಂದ ಸರ್ ಮತ್ತು ಇಂಜಿನಿಯರಿಂಗ್ ಮುಗಿಸಿ ಭಾಲ್ಕಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಾನು. ನೀರಿನ ಟ್ಯಾಂಕರ್ ಯಾವ ಊರಿಗೆ ಹೋಗಬೇಕೆಂದು ತಿಳಿಸುವ ಒಂದು ಸಣ್ಣ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆವು. ಊರಿನ ವಾಟರ್‌ಮನ್, ಅಂದರೆ ಪಂಚಾಯಿತಿಯ ಪರವಾಗಿ ನೀರು ಬಿಡುವವನು, ಬೆಳಿಗ್ಗೆ ತನ್ನ ಫೋನಿನಲ್ಲಿ ಆ ಪುಟ ತೆರೆದು, ಇವತ್ತು ಊರಲ್ಲಿ ಎಷ್ಟು ಮನೆಯವರಿದ್ದಾರೆಂದು ತುಂಬಿ ಬಟನ್ ಒತ್ತಬೇಕು. ಅದು ತಾಲೂಕು ಕಚೇರಿಯ ಪಟ್ಟಿಗೆ ಸೇರುತ್ತದೆ. ಮಧ್ಯಾಹ್ನ ಆ ಪಟ್ಟಿ ಹಿಡಿದು ಟ್ಯಾಂಕರ್ ಹೊರಡುತ್ತದೆ.

ಅದರಲ್ಲಿ ನಾನೇ ಇಟ್ಟ ಒಂದು ತಡೆಯಿತ್ತು. ಊರಿನ ಒಟ್ಟು ಮನೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಸಂಖ್ಯೆ ಬಂದರೆ ಸರ್ವರ್ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಬೆರಳು ಜಾರಿ ಅಂಕಿ ತಪ್ಪಿರಬೇಕು ಎಂದು ನನ್ನ ಊಹೆ. ಊರೇ ಖಾಲಿಯಾಗಿರಬಹುದೆಂದು ನನಗೆ ಹೊಳೆದಿರಲಿಲ್ಲ. ಭಾಲ್ಕಿಯಲ್ಲಿ ಹುಟ್ಟಿ ಬೆಳೆದವಳು ನಾನು. ದೀಪಾವಳಿ ಮುಗಿದ ಮೇಲೆ ವಾಡಿಗಳ ಜನ ಮಕ್ಕಳು ಮರಿ ಕಟ್ಟಿಕೊಂಡು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವುದನ್ನು ಪ್ರತಿವರ್ಷ ಬಸ್ ನಿಲ್ದಾಣದಲ್ಲೇ ನೋಡಿದವಳು. ಆದರೂ — ಅಂಥ ಊರುಗಳಲ್ಲಿ ಪುಟದ ಮೇಲೆ ಕೆಂಪು ಅಕ್ಷರ ಬರುತ್ತಿತ್ತು: 'ದಾಖಲಾಗಿಲ್ಲ. ತಾಲೂಕು ಕಚೇರಿಗೆ ಫೋನ್ ಮಾಡಿ.' ಅವರು ಫೋನ್ ಮಾಡುತ್ತಿದ್ದರು, ಗುಮಾಸ್ತರು ಕೈಯಿಂದ ಹೆಸರು ಸೇರಿಸುತ್ತಿದ್ದರು. ಹೇಗೋ ನಡೆಯುತ್ತಿತ್ತು.

ಮಾರುತಿ ಕಾಕಾರನ್ನು ನಾನು ಮೊದಲು ಕಂಡದ್ದು ಔರಾದದಲ್ಲಿ, ವಾಟರ್‌ಮನ್‌ಗಳಿಗೆಲ್ಲ ಈ ಪುಟ ಬಳಸುವುದನ್ನು ಹೇಳಿಕೊಟ್ಟ ದಿನ. ಐವತ್ತರ ಆಸುಪಾಸಿನವರು, ತಲೆಗೆ ಟವೆಲ್ ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು.

"ಮೇಡಮ್ಮಾರ, ಬಾವಿ ಬತ್ಯಾವ, ಬೋರ್ ಬತ್ಯಾವ. ಇನ್ನ ಫೋನಿನಾಗ ನೀರ ಹತ್ತದೇನ್ರಿ?" ಎಂದು ಕೂಗಿದರು. ಎಲ್ಲರೂ ನಕ್ಕರು.

"ಕೆಂಪು ಬಂದ್ರ ಫೋನ್ ಮಾಡ್ರಿ ಕಾಕಾ," ಅಂದೆ. "ಹಸರು ನಿಶಾನಿ ಬಂತಂದ್ರ ಅದು ನನ್ನ ಮಾತು ಅಂತ ತಿಳ್ಕೋರಿ. ಟ್ಯಾಂಕರ್ ಬಂದೇ ಬರ್ತದ."

"ಬರ್ಲಿಲ್ಲಂದ್ರ ಖಾಲಿ ಕೊಡ ತಗೊಂಡು ನಿಮ್ಮ ಮನಿಗೇ ಬರ್ತೇನಿ ನೋಡ್ರಿ ಮತ್ತ!"

ಅವರ ವಾಡಿ ಕುರಿ ಸಾಕುವವರದು. ನಲವತ್ತೊಂದು ಮನೆ, ಆ ಹೊತ್ತಿಗೆ ಜನ ಉಳಿದಿದ್ದು ಹದಿನಾಲ್ಕರಲ್ಲಿ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿ ಅವರದೊಂದು ಪದ್ಧತಿಯಿತ್ತು: ಬೆಳಿಗ್ಗೆ ಕಟ್ಟೆಯ ಹತ್ತಿರ ಹೆಂಗಸರೆಲ್ಲ ಕೊಡ ಹಿಡಿದು ನಿಲ್ಲುವರು, ಕಾಕಾ ಅವರೆದುರೇ ಬಟನ್ ಒತ್ತಿ ಫೋನನ್ನು ಎತ್ತಿ ತೋರಿಸುವರು. ಕೆಂಪು ಬಂದು, ಕಚೇರಿಗೆ ಹಚ್ಚಿದ ಫೋನನ್ನೂ ಯಾರೂ ಎತ್ತದಿದ್ದರೆ, ಹೆಂಗಸರು ದೂರದ ಊರಿನ ಬೋರ್‌ವೆಲ್ಲಿಗೆ ಹೊರಟುಬಿಡುವರು. ಟ್ಯಾಂಕರ್ ಬರುವುದು ಖಾತ್ರಿಯಾದರೆ ಕೊಡಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗುವರು. ಇದು ನನಗೆ ಗೊತ್ತಿರಲಿಲ್ಲ. ನನ್ನ ಪುಟದ ಒಂದು ಬಣ್ಣ ನೋಡಿ ಹದಿನಾಲ್ಕು ಮನೆಗಳು ತಮ್ಮ ದಿನವನ್ನು ನಿರ್ಧರಿಸುತ್ತಿದ್ದವೆಂದು ನಾನು ಕೇಳಿಯೂ ಇರಲಿಲ್ಲ.

ಇನ್ನು ಆ ಸೋಮವಾರ. ನಮ್ಮ ಪುಟ ಒಂದು ಹಳೆಯ ಲೈಬ್ರರಿಯ ಮೇಲೆ ನಿಂತಿತ್ತು. ಲೈಬ್ರರಿ ಅಂದರೆ ಬೇರೆಯವರು ಮೊದಲೇ ಬರೆದಿಟ್ಟ ಕೋಡಿನ ಗಂಟು. ಪುಟ ತೆರೆಯುವಾಗಲೆಲ್ಲ ಅದೂ ಇಡಿಯಾಗಿ ಇಳಿಯಬೇಕು. ಔರಾದದ ಗಡಿ ಕಡೆ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ.

"ನಿನ್ನ ಪುಟ ತೆರ್ಯೋದ್ರಾಗ ಟ್ಯಾಂಕರ್ ಬಂದು, ನೀರ ಬಿಟ್ಟು, ತಿರಿಗಿ ಹೋಗಿರ್ತದ," ಅಂದರು ಶಿವಾನಂದ ಸರ್. "ಆ ಹಳೇ ಗಂಟು ಕಿತ್ತು ಒಗಿ. ಈಗ ಬ್ರೌಸರಿನಾಗೇ ಎಲ್ಲಾ ಬರ್ತದಲ್ಲ."

ನಿಜವೇ. ಹಳೆಯ ಲೈಬ್ರರಿ ಮಾಡುತ್ತಿದ್ದ ಕೆಲಸವನ್ನು ಬ್ರೌಸರ್ ತಾನೇ ಮಾಡುವ ಕಾಲ ಬಂದಿತ್ತು. ಹೇಗೆಂದು ಹುಡುಕಿದೆ. ಮೊದಲು ಸಿಕ್ಕ ಪುಟದಲ್ಲಿ ಒಂಬತ್ತು ಸಾಲಿನ ಅಚ್ಚುಕಟ್ಟಾದ ತುಣುಕು. ಕಾಪಿ ಮಾಡಿದೆ, ಅಂಟಿಸಿದೆ. ಪರೀಕ್ಷೆಗೆಂದು ನಾನೇ ನಲವತ್ತೊಂದು ಮನೆಗೆ ನಲವತ್ತು ಎಂದು ತುಂಬಿ ಒತ್ತಿದೆ. ಹಸಿರು ಬಂತು. ಪುಟ ಕಣ್ಣು ಮಿಟುಕಿಸುವುದರಲ್ಲಿ ತೆರೆಯುತ್ತಿತ್ತು. ಖುಷಿಯಾಗಿ ಕೆಳಗಿಳಿದು ಚಹಾ ಕುಡಿದು ಬಂದೆ.

ನನಗೆ ತಿಳಿಯದೆ ಹೋದದ್ದು ಇಷ್ಟೇ. ಹಳೆಯ ಲೈಬ್ರರಿಯಲ್ಲಿ ಸರ್ವರ್ 'ಆಗುವುದಿಲ್ಲ' ಎಂದರೆ ಅದು ತಾನಾಗಿಯೇ ಸೋಲು ಎಂದು ತಿಳಿದು ಕೆಂಪಿನ ಕಡೆಗೆ ಹೊರಳುತ್ತಿತ್ತು. ಹೊಸದು ಹಾಗಲ್ಲ. ಅದಕ್ಕೆ ಉತ್ತರ ಬಂದರೆ ಸಾಕು. ಆ ಉತ್ತರ 'ಹೌದು' ಎಂದಿದೆಯೋ 'ಇಲ್ಲ' ಎಂದಿದೆಯೋ ಎಂದು ನಾವೇ ಒಂದು ಸಾಲು ಬರೆದು ಕೇಳಿಕೊಳ್ಳಬೇಕು. ನಾನು ಎತ್ತಿದ ತುಣುಕಿನಲ್ಲಿ ಆ ಸಾಲಿರಲಿಲ್ಲ. ಪತ್ರ ಬಂತೆಂದು, ಒಡೆದು ಓದದೆಯೇ ಸಿಹಿ ಹಂಚಿದ ಹಾಗೆ — ಸರ್ವರ್ 'ಇಲ್ಲ' ಎಂದಾಗಲೂ ಪುಟ ಹಸಿರು ತೋರಿಸುತ್ತಿತ್ತು. ಆ ತುಣುಕಿನ ಕೆಳಗೇ ಯಾರೋ ಒಬ್ಬರು ಬರೆದಿದ್ದರು, ಇದನ್ನು ಹೀಗೇ ಬಳಸಬೇಡಿ, ಸೋಲು ಗೆಲುವಿನಂತೆ ಕಾಣುತ್ತದೆ ಎಂದು. ನಾನು ಪುಟವನ್ನು ಅಷ್ಟು ಕೆಳಗೆ ಸರಿಸಿರಲಿಲ್ಲ.

ಮಂಗಳವಾರ ಮಾರುತಿ ಕಾಕಾ ಹದಿನಾಲ್ಕು ಎಂದು ತುಂಬಿ ಒತ್ತಿದರು. ತಿಂಗಳುಗಟ್ಟಲೆ ಕೆಂಪು ಕಂಡ ಫೋನಿನಲ್ಲಿ ಹಸಿರು. ಹೆಂಗಸರು ಕೊಡ ಇಟ್ಟು ಮನೆಗೆ ಹೋದರು. ಟ್ಯಾಂಕರ್ ಬರಲಿಲ್ಲ. ಬುಧವಾರವೂ ಹಸಿರು. ಕಚೇರಿಯ ಗುಮಾಸ್ತರಿಗೆ ಪಟ್ಟಿಯಲ್ಲಿ ಆ ವಾಡಿ ಕಾಣಲಿಲ್ಲ, ಫೋನೂ ಬರಲಿಲ್ಲ. ಉಳಿದವರೂ ಗುಳೆ ಹೋಗಿರಬೇಕೆಂದುಕೊಂಡರು. ಇಂಥ ಬೇರೆ ಊರುಗಳವರು ರೂಢಿಯಂತೆ ದಿನಾ ಫೋನ್ ಮಾಡಿದ್ದರಿಂದ ಅವರ ಹೆಸರು ಸೇರಿತ್ತು. ಗುರುವಾರ ಕಾಕಾ ಫೋನ್ ಮಾಡಿದಾಗ, "ನೀ ಒತ್ತೇ ಇಲ್ಲಲ್ಲ ಮಾರಾಯ" ಎಂಬ ಉತ್ತರ ಸಿಕ್ಕಿತು, ಆ ದಿನದ ಟ್ಯಾಂಕರ್ ಆಗಲೇ ಹೊರಟಾಗಿತ್ತು. ಶುಕ್ರವಾರ ಬೆಳಿಗ್ಗೆ ಊರಿನವರು ರಸ್ತೆಗೆ ಕೊಡ ಅಡ್ಡ ಇಟ್ಟರು. ತಾಲೂಕಿನ ಸಾಹೇಬರು ನಮ್ಮ ಆಫೀಸಿಗೆ ಫೋನ್ ಮಾಡಿ, ಕಂಪ್ಯೂಟರ್ ಬಲ್ಲವರು ಯಾರಾದರೂ ಬರಲಿ ಅಂದರು. ನಾನು ಅವರ ಜೊತೆ ಜೀಪಿನಲ್ಲಿ ವಾಡಿಗೆ ಹೋದೆ.

ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಎದುರು ಕೊಡಗಳ ಸಾಲು, ಅದರಾಚೆ ಬಾಯಿ ತೆರೆದು ನಿಂತ ಕುರಿಗಳು. ಕುರಿಗಳು ಕೂಗುತ್ತಿರಲಿಲ್ಲ. ಅದನ್ನು ನೋಡಿಯೇ ನನಗೆ ಮೊದಲು ಹೆದರಿಕೆಯಾಯಿತು.

"ನಾಕೂ ದಿನಾ ಒತ್ತೀನ್ರಿ ಸಾಹೇಬ್ರ. ಇವರ್ನೇ ಕೇಳ್ರಿ, ಎಲ್ಲಾರಿಗಿ ತೋರ್ಸೀನಿ," ಅಂದರು ಕಾಕಾ. ಅವರ ತುಟಿ ಒಡೆದಿತ್ತು. "ಈಗೂ ಒತ್ತಿ ತೋರಸ್ತೇನಿ ನೋಡ್ರಿ."

ಹದಿನಾಲ್ಕು ಎಂದು ತುಂಬಿ ಒತ್ತಿದರು. ಹಸಿರು. ಫೋನನ್ನು ನನ್ನ ಮುಖದ ಹತ್ತಿರ ತಂದರು. ಅದೇ ಕ್ಷಣಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ, ಸರ್ವರಿನ ದಾಖಲೆಯಲ್ಲಿ, ಹೊಸ ಸಾಲೊಂದು ಬಂತು: ಅವರ ನಂಬರು, ಗಂಟೆ, ನಿಮಿಷ, ಹದಿನಾಲ್ಕು, ಮತ್ತು ಕೊನೆಯಲ್ಲಿ — ತಿರಸ್ಕೃತ. ಮೇಲೆ ಅಂಥವೇ ಸಾಲುಗಳು, ದಿನಕ್ಕೊಂದು, ಕೆಲವು ದಿನ ಮೂರು ನಾಲ್ಕು. ಪಾಪ, ಮತ್ತೆ ಮತ್ತೆ ಒತ್ತಿದ್ದರು. ಹೇಳಲು ಬಾಯಿ ತೆರೆದೆ. ಅಷ್ಟು ನಿಜ. ತೆರೆದಿದ್ದೆ.

ಆಗ ವಾಡಿಯ ಹಿಂದಿನಿಂದ ಕೂಗು ಕೇಳಿಸಿತು.

ಹೊಲದ ಹಳೆಯ ಬಾವಿ. ತಳದಲ್ಲಿ ಕೆಸರು ತೋಡಿದರೆ ಬಟ್ಟಲು ಬಟ್ಟಲಾಗಿ ನೀರು ಒಸರುತ್ತದೆಂದು ವಾಡಿಯ ಇಠಾಬಾಯಿ ಹಗ್ಗ ಕಟ್ಟಿಕೊಂಡು ಇಳಿದಿದ್ದಳು. ಗಟ್ಟಿ ಹರೆಯದವರೆಲ್ಲ ಕಬ್ಬಿನ ಗದ್ದೆಗಳಲ್ಲಿದ್ದರು; ಮೇಲೆ ಹಗ್ಗ ಹಿಡಿದದ್ದು ಅವಳ ಮೈದುನ ರಾಮಣ್ಣ ಒಬ್ಬನೇ. ಬಾವಿಯ ಒಂದು ಮಗ್ಗುಲು ಕುಸಿದು ಅವಳ ಮೇಲೆ ಬಿದ್ದಿತ್ತು. ನಾವು ಓಡಿ ಬಂದಾಗ ಒಳಗಿನಿಂದ ಸದ್ದೇ ಇಲ್ಲ. ಬರೀ ಮಣ್ಣು ಜಾರುವ ಸದ್ದು, ಸಕ್ಕರೆ ಸುರಿದ ಹಾಗೆ ಸಣ್ಣಗೆ. ಕಾಕಾ ಮತ್ತು ಜೀಪಿನ ಡ್ರೈವರ್ ಇಳಿದರು. ನಾನು, ಸಾಹೇಬರು, ರಾಮಣ್ಣ, ಇಬ್ಬರು ಮುದುಕಿಯರು ಹಗ್ಗ ಹಿಡಿದೆವು. ನನ್ನ ಕಾಲಡಿಯ ದಂಡೆ ಬಿರಿಯುತ್ತಿರುವುದು ಕಾಣುತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದರೆ ಹಗ್ಗ ಸಡಿಲವಾಗುತ್ತದೆ. ಸರಿಯದಿದ್ದರೆ — ಅದು ಎಷ್ಟು ಹೊತ್ತು ನಡೆಯಿತೆಂದು ಹೇಳಲಾರೆ. ಸೊಂಟದವರೆಗಿನ ಮಣ್ಣನ್ನು ಕಾಕಾ ಬರಿಗೈಯಿಂದ ಬಗೆದರು. ಅವಳನ್ನು ಮೇಲೆಳೆದಾಗ ಬಾಯಲ್ಲಿ, ಕಿವಿಯಲ್ಲಿ ಮಣ್ಣು. ಉಸಿರಿತ್ತು. ಬಲಗಾಲು ಇರಬೇಕಾದ ಕಡೆಗೆ ತಿರುಗಿರಲಿಲ್ಲ.

ಅವಳನ್ನು ಜೀಪಿನಲ್ಲಿ ಔರಾದಕ್ಕೆ ಕಳಿಸಿದ ಮೇಲೆ ಸಾಹೇಬರು ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಎಂಟ್ರಿ ಬಂದದ ಇಲ್ಲ? ಒಂದು ಹೇಳ್ರಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ರಾಮಣ್ಣನ ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಎಂಟ್ರಿ ಬಂದಿಲ್ಲ ಸರ್," ಅಂದೆ.

ಆ ಮಾತು ಸುಳ್ಳಲ್ಲ. ಪಟ್ಟಿಯಲ್ಲಿ ಎಂಟ್ರಿ ಇರಲಿಲ್ಲ. ಅಷ್ಟೇ ಹೇಳಿ ನಿಲ್ಲಿಸಿದೆನಲ್ಲ — ಅದರಷ್ಟು ದೊಡ್ಡ ಸುಳ್ಳನ್ನು ನಾನು ಅದಕ್ಕೆ ಮೊದಲೂ ಹೇಳಿರಲಿಲ್ಲ, ಆಮೇಲೂ ಹೇಳಿಲ್ಲ.

"ಸುಳ್ಳ ಬೊಗಳ್ತಿ ಏನಲೇ?" ರಾಮಣ್ಣ ಕಾಕಾರ ಕೈಯಿಂದ ಫೋನ್ ಕಸಿದು ಕಲ್ಲಿಗೆ ಅಪ್ಪಳಿಸಿದ. ಯಾರೋ ಅವರ ಟವೆಲ್ ಎಳೆದರು. ಕಾಕಾ ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದರು. ಉಗುರುಗಳಲ್ಲಿ ಇನ್ನೂ ಬಾವಿಯ ಕೆಸರಿತ್ತು.

"ಮೇಡಮ್ಮಾರ, ಹಸರು ನೀವೇ ನೋಡೀರಲ್ರಿ. ಹೇಳ್ರಲ್ಲ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಸಂಜೆ ಆಫೀಸಿಗೆ ಬಂದು ಆ ಒಂದು ಸಾಲನ್ನು ಸೇರಿಸಿದೆ. ಬದಲಾವಣೆಯ ಕಾರಣ ಬರೆಯುವ ಜಾಗದಲ್ಲಿ 'ಸಣ್ಣ ತಿದ್ದುಪಡಿ' ಎಂದು ಬರೆದೆ. ಮರುದಿನದಿಂದ ಎಲ್ಲ ಕಡೆ ಕೆಂಪು ಸರಿಯಾಗಿ ಬಂತು. ಸರ್ವರಿನ ದಾಖಲೆ ಮೂವತ್ತು ದಿನ ಉಳಿಯುತ್ತದೆ, ಆಮೇಲೆ ತಾನೇ ಅಳಿಯುತ್ತದೆ. ಕಾಕಾ ಒತ್ತಿದ್ದರೆಂಬ ಪುರಾವೆ ಜಗತ್ತಿನಲ್ಲಿ ಅಲ್ಲಿ ಮಾತ್ರ ಇತ್ತು. ನಾನು ಅದನ್ನು ಅಳಿಸಲಿಲ್ಲ. ಅಳಿಯಲು ಬಿಟ್ಟೆ. ದಿನಾ ಬೆಳಿಗ್ಗೆ ತೆರೆದು ಇನ್ನೂ ಇದೆಯೇ ಎಂದು ನೋಡುತ್ತಿದ್ದೆ. ಮೂವತ್ತೊಂದನೆಯ ದಿನ ಇರಲಿಲ್ಲ. ಅಂದು ನನಗೆ ಹಗುರವಾಗಬೇಕಿತ್ತು.

ಆಗಿನಿಂದ ನನಗೆ ಹೆದರಿಕೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ, ಶಿವಾನಂದ ಸರ್ 'ಸ್ವಲ್ಪ ಬಾ' ಎಂದರೆ, ರಸ್ತೆಯಲ್ಲಿ ಟವೆಲ್ ಸುತ್ತಿದ ಯಾರಾದರೂ ಹಿಂದಿನಿಂದ ಬಂದರೆ. ಕಣ್ಣು ಮುಚ್ಚಿದರೆ ಸಾಕು, ಸಕ್ಕರೆ ಸುರಿದ ಆ ಸದ್ದು. ಕಾಲಡಿ ದಂಡೆ ಬಿರಿಯುತ್ತದೆ, ಎಚ್ಚರವಾಗುತ್ತದೆ. ಕಾಕಾರನ್ನು ಕೆಲಸದಿಂದ ತೆಗೆದರೆಂದು, ಅವರು ವಾಡಿ ಬಿಟ್ಟು ಹೋದರೆಂದು ಕೇಳಿದೆ. ಎಲ್ಲಿಗೆ ಎಂದು ಕೇಳಲಿಲ್ಲ. ಮುಂದೆ ಮಳೆಯಾಯಿತು, ಆ ಅಪ್ಲಿಕೇಶನ್ ನಿಂತಿತು. ನಾನು ಬೇರೆ ಕಂಪನಿಗೆ ಸೇರಿದೆ, ಹೊಸ ಸಾಧನಗಳನ್ನು ಕಲಿತೆ, ಅವು ಹಳೆಯವಾದವು, ಮತ್ತೆ ಹೊಸವು ಬಂದವು. ನಮ್ಮ ಕೆಲಸದಲ್ಲಿ ಎರಡು ವರ್ಷದ ಹಿಂದಿನದನ್ನು ಯಾರೂ ಕೆದಕುವುದಿಲ್ಲ. ಆ ಮರೆವಿನ ಹಿಂದೆ ನಾನು ಆರು ವರ್ಷ ಅಡಗಿದ್ದೆ. ಆಗ ಯಾರಿಗೂ ಗೊತ್ತಿರಲಿಲ್ಲ, ಯಾರು ಬೇಕಾದರೂ ಮಾಡಬಹುದಾಗಿದ್ದ ತಪ್ಪು — ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈಗ ನಾವು ಮೊದಲ ಪದ ಬರೆಯುವುದರಲ್ಲಿ ಉಳಿದ ಕೋಡನ್ನು ಯಂತ್ರವೇ ಮುಂದೆ ಬರೆದು ತೋರಿಸುತ್ತದೆ. ಮೊನ್ನೆ ಬೇಸಿಗೆಯಲ್ಲಿ ಒಂದು ದಿನ ಇಂಥದೇ ಒಂದು ಪುಟ ಮಾಡುತ್ತಿದ್ದೆ. ಯಂತ್ರ ಬೂದು ಬಣ್ಣದಲ್ಲಿ ಸಾಲುಗಳನ್ನು ತುಂಬಿತು. ಒಂಬತ್ತಲ್ಲ, ಹತ್ತು. ಉತ್ತರ ಹೌದೋ ಅಲ್ಲವೋ ಎಂದು ಕೇಳುವ ಸಾಲು ಅದರಲ್ಲಿತ್ತು. ಯಾರೂ ಹೇಳದೆ, ಅಷ್ಟು ಸಹಜವಾಗಿ. ನಾನು ಕೆಲಸವನ್ನು ಅಲ್ಲಿಗೇ ಬಿಟ್ಟೆ. ಆ ತುಣುಕಿನ ಕೆಳಗೆ ಎಚ್ಚರಿಕೆ ಬರೆದವರಿಗೆ ಆಗಲೇ ಗೊತ್ತಿತ್ತು. ನಾನು ಓದಲಿಲ್ಲ, ಅಷ್ಟೇ. ಆಮೇಲಿನದು ಓದದ ತಪ್ಪೂ ಅಲ್ಲ.

ಕಾಕಾರ ಹೆಂಡತಿಯ ತವರು ಭಾತಂಬ್ರಾ ಎಂದು ವಾಡಿಯ ಪಂಚಾಯಿತಿಯಿಂದ ತಿಳಿಯಿತು. ಭಾಲ್ಕಿಯಿಂದ ಅಲ್ಲಿಗೆ ಎಷ್ಟು ಮಹಾ ದೂರ? ಆರು ವರ್ಷ ನಾನು ಅಷ್ಟು ಹತ್ತಿರವಿದ್ದೆ. ಅಲ್ಲಿ ಕೇಳಿದರೆ, ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋದಾಮಿನ ಗೇಟ್ ಕಾಯುತ್ತಾರೆ ಅಂದರು. ಒಂದು ಭಾನುವಾರ ಸಂಜೆ, ಅವರ ಪಾಳಿ ಶುರುವಾದ ಮೇಲೆ, ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಕಾಕಾ, ನಾ—"

"ಗುರ್ತ ಹತ್ತ್ಯಾದ. ಲ್ಯಾಪ್‌ಟಾಪ್ ಮೇಡಮ್ಮಾರ," ಅಂದರು. ಕುರ್ಚಿ ಸರಿಸಿ ಕೊಟ್ಟರು. ನಾನು ಕೂರಲಿಲ್ಲ. ಎಲ್ಲವನ್ನೂ ಹೇಳಿದೆ, ಒಂಬತ್ತು ಸಾಲು, ದಾಖಲೆ, ಮೂವತ್ತು ದಿನ. ನಡುವೆ ಒಂದು ಲಾರಿ ಬಂತು. ಎದ್ದು ಗೇಟ್ ತೆಗೆದು, ನಂಬರ್ ಬರೆದುಕೊಂಡು, ಮತ್ತೆ ಬಂದು ಕೂತರು.

"ಅಂದ್ರ ನಾ ಒತ್ತಿದ್ದು ಖರೆ."

"ಖರೆ ಕಾಕಾ."

"ಮೊದಲ ಮೊದಲ ನನಗೇ ಸಂಶಯ ಬರ್ತಿತ್ತು. ಕಣ್ಣಿಗಿ ಬಿಸಲ ಹತ್ತಿ ಕೆಂಪು ಹಸರು ಕಂಡಿತೇನೋ ಅಂತ. ಅವತ್ತಿಂದ ಅಂಥಾ ಫೋನ್ ಮುಟ್ಟಿಲ್ರಿ ನಾ. ಅಂಜಕಿ." ಜೇಬಿನಿಂದ ಗುಂಡಿ ಒತ್ತುವ ಹಳೆಯ ಫೋನ್ ತೆಗೆದು ತೋರಿಸಿದರು. ಮತ್ತೆ ಜೇಬಿಗೆ ಇಟ್ಟುಕೊಂಡರು.

"ನನಗ ಹೇಳಿ ಏನ್ ಮಾಡ್ತೀರಿ? ನಾ ಒತ್ತೀನಂತ ನನಗ ಗೊತ್ತೇ ಅದ. ಗೊತ್ತಿಲ್ದವರಿಗಿ ಹೇಳ್ರಿ."

ಜೊತೆಗೆ ಬರುತ್ತೀರಾ ಎಂದು ಕೇಳಿದೆ. ತಲೆಯಾಡಿಸಿದರು. ಆ ಕಟ್ಟೆಯ ಮುಂದೆ ಮತ್ತೆ ನಿಲ್ಲಲು ತಮ್ಮಿಂದ ಆಗುವುದಿಲ್ಲ ಅಂದರು.

ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ತಾಲೂಕು ಕಚೇರಿಗೆ ಕೊಟ್ಟೆ. ಶಿವಾನಂದ ಸರ್‌ಗೂ ಹೇಳಿದೆ. ಮುಂದಿನ ಭಾನುವಾರ ಒಬ್ಬಳೇ ವಾಡಿಗೆ ಹೋದೆ. ಬಸ್ಸಿಳಿದು ನಡೆಯುವಾಗ ಎರಡು ಸಲ ನಿಂತೆ. ತಿರುಗಿ ಹೋಗುವ ಬಸ್ಸು ಇನ್ನೂ ಕಾಣುತ್ತಿತ್ತು. ಕಟ್ಟೆಯ ಹತ್ತಿರ ಜನ ಸೇರಿದರು. ಇಠಾಬಾಯಿ ಕೋಲೂರಿಕೊಂಡು ಬಂದಳು. ಅವಳೆದುರು, ರಾಮಣ್ಣನೆದುರು ಹೇಳಿದೆ: ಮಾರುತಿ ಕಾಕಾ ನಾಲ್ಕೂ ದಿನ ಒತ್ತಿದ್ದರು. ತಪ್ಪು ನನ್ನದು. ನನಗೆ ಅವತ್ತೇ ಗೊತ್ತಿತ್ತು.

ಹೊಡೆಯುತ್ತಾರೆಂದುಕೊಂಡಿದ್ದೆ. ಯಾರೂ ಹತ್ತಿರ ಬರಲಿಲ್ಲ. ರಾಮಣ್ಣ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಇಠಾಬಾಯಿ ಮಾತಾಡಿದಳು.

"ಖರೆ ಅಂದ್ರ ಅವನೇ ನನ್ನ ಮಣ್ಣಾಗಿಂದ ತೆಗ್ದಾನ. ನನ್ನ ಮಗನ ಮದಿವಿಗಿ ಬಂದಿದ್ದ ಅವ. ಊಟಕ್ಕ ಪಂಗತ್ಯಾಗ ಕುಂತಿದ್ದ. ನಾನೇ ಹೋಗಿ, ಏಳು, ಸುಳ್ಳ ಹೇಳಾವಗ ನಮ್ಮ ಮನ್ಯಾಗ ಅನ್ನ ಇಲ್ಲ ಅಂದೆ. ಬಡಿಸಿದ ಎಲಿ ಹಂಗೇ ಬಿಟ್ಟು ಎದ್ದು ಹೋದ." ಕೋಲನ್ನು ನೆಲಕ್ಕೆ ಊರಿ ನನ್ನ ಮುಖ ನೋಡಿದಳು. "ಈಗ ಬಂದು ಹೇಳ್ತಿ ಏನ ತಂಗಿ? ಆ ಎಲಿ ಮತ್ತ ಹ್ಯಾಂಗ ಹಾಕ್ಲಿ ನಾ?"

ನನ್ನ ಕೈಯಲ್ಲಿದ್ದ ಫೋನಿನ ಕಡೆ ಕೋಲು ತೋರಿಸಿದಳು.

"ಹಚ್ಚು ಅವಗ ಫೋನ," ಅಂದಳು. ಹಚ್ಚಿ ಕೊಟ್ಟೆ.

"ಮಾರುತಿ, ನಾ ಇಠಾ," ಅಂದಳು. ಕೋಲನ್ನು ಕಟ್ಟೆಗೆ ಒರಗಿಸಿದಳು. "ಊಟಕ್ಕ ಬಾ" ಅಂದಳು, ಅಷ್ಟೇ. ಸ್ವಲ್ಪ ಹೊತ್ತು ಕಿವಿಗೆ ಹಿಡಿದಿದ್ದು ಫೋನನ್ನು ನನಗೆ ವಾಪಸ್ ಕೊಟ್ಟಳು.

"ಏನಂದ್ರು?"

"ಏನೂ ಅನ್ಲಿಲ್ಲ. ಇಟ್ಟ."

ಕಾಕಾ ಈವರೆಗೆ ವಾಡಿಗೆ ಹೋಗಿಲ್ಲ. ಕಚೇರಿಯಿಂದ ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ. ಬಂದಾಗ ಏನಿದ್ದರೂ ಒಪ್ಪಿಕೊಳ್ಳುತ್ತೇನೆ. ಇಠಾಬಾಯಿಗೆ ಕಾಲಿನ ನೋವು ಕತ್ತಲಾದ ಮೇಲೆ ಏರುತ್ತದಂತೆ, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾಳಂತೆ. ಕಾಕಾರದು ರಾತ್ರಿ ಪಾಳಿ. ನಾನು ಆ ಭಾನುವಾರ ಸಂಜೆಯ ಬಸ್ಸಿಗೆ ಭಾಲ್ಕಿಗೆ ಬಂದು, ಉಂಡು, ಮಲಗಿದೆ. ಒಮ್ಮೆಯೂ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ ಎಂದಳು ಅವ್ವ. ನನಗೆ ಅನಿಸಿದ್ದು ನಾಚಿಕೆ. ಮೂವರಲ್ಲಿ ಮೊದಲು ನಿದ್ದೆ ಬಂದದ್ದು ನನಗೆ.